ಗಿಡದ ಪಾಲು

ಬಿಳಿ. ಮತ್ತೆ ಬಿಳಿ. ಆ ಮೂಲೆಯದೂ ಬಿಳಿ.

ದಾನೇಶ್ವರಿ ಚಪ್ಪಲಿಯನ್ನೂ ಬಿಡದೆ, ಹೆಗಲ ಚೀಲವನ್ನೂ ಇಳಿಸದೆ, ಕಂಪೌಂಡಿನ ಗೋಡೆಗುಂಟ ಬಗ್ಗಿ ಒಂದೊಂದೇ ಹೂವಿನ ಮುಖ ಎತ್ತಿ ನೋಡುತ್ತಿದ್ದಳು. ಮಳೆಗಾಲ ಮುಗಿಯುತ್ತ ಬಂದಿತ್ತು. ಬೆಳಗಾವಿಯ ಮಹಾಂತೇಶ ನಗರದಲ್ಲಿ ಅವಳ ಮನೆಯ ಗೋಡೆಯ ಬದಿಗೆ ಸಂಜೆಮಲ್ಲಿಗೆಯ ಸಸಿಗಳು ಮೊಳಕಾಲೆತ್ತರ ಬೆಳೆದು ಆ ವಾರ ಮೊದಲ ಸಲ ಅರಳಿದ್ದವು. ಅವಳಿಗೆ ಬೇಕಾದ ಹೂವು ಅವುಗಳಲ್ಲಿ ಒಂದೂ ಇರಲಿಲ್ಲ.

ಸಂಜೆಮಲ್ಲಿಗೆ ಎಂದರೆ ಏನು ಮಹಾ? ಗಟಾರದ ಬದಿಗೆ ತಾನೇ ಹುಟ್ಟಿ ತಾನೇ ಬೆಳೆಯುವ ಗಿಡ. ನಮ್ಮ ಕಡೆಯ ಮರಾಠಿ ಮಂದಿ ಗುಲಬಕ್ಷಿ ಎನ್ನುತ್ತಾರೆ. ಯಾರೂ ಅದನ್ನು ಕೊಂಡು ತರುವುದಿಲ್ಲ, ಯಾರೂ ಅದಕ್ಕೆ ಬೇಲಿ ಹಾಕುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಯನ್ನು ಇದನ್ನು ನೋಡಿಯೇ ಕಟ್ಟಿರಬೇಕು. ಅಂಥ ಗಿಡದ ಮುಂದೆ ಕಾಲೇಜಿನಲ್ಲಿ ತಳಿಶಾಸ್ತ್ರ ಕಲಿಸುವ, ಪಿಎಚ್‌.ಡಿ. ಮಾಡಿದ ಹೆಂಗಸು ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು ಎಂದರೆ ನಗುವವರು ನಗಲಿ. ನಗುವ ಮೊದಲು ಆ ಗಿಡ ಯಾರದಾಗಿತ್ತು ಎಂದು ಒಂದು ಮಾತು ಕೇಳಲಿ.

ಅದು ಅವಳ ಗಂಡ ಬಸವಪ್ರಸಾದನದಾಗಿತ್ತು. ಅವನ ಊರು ಖಾನಾಪುರ ತಾಲೂಕಿನ ಬೀಡಿ. ಅಲ್ಲಿ ಅವರ ಮನೆಯ ಬಚ್ಚಲ ನೀರು ಹರಿಯುವಲ್ಲಿ ಅಜ್ಜಿಯ ಕಾಲದಿಂದ ಹಳದಿ ಸಂಜೆಮಲ್ಲಿಗೆ ಇತ್ತು. ಒಂದು ವರ್ಷ ದನದ ಕೊಟ್ಟಿಗೆಯ ಮಗ್ಗುಲಲ್ಲಿ, ಯಾರೂ ನೆಡದೆ, ಬೇರೆಯದೇ ಒಂದು ಗಿಡ ಎದ್ದಿತು. ಬಿಳಿ ಹೂವು, ಅದರ ಮೇಲೆ ಕೆಂಪು ಗೆರೆ. ಒಂದರಲ್ಲಿ ಕೂದಲೆಳೆಯಷ್ಟು ಗೆರೆ, ಇನ್ನೊಂದರಲ್ಲಿ ಅರ್ಧ ಮುಖಕ್ಕೆ ಕುಂಕುಮ ಎರಚಿದಷ್ಟು. ಒಂದರಂತೆ ಇನ್ನೊಂದಿಲ್ಲ. ಬೆಳಗಾವಿಯಲ್ಲಿ ಮನೆ ಕಟ್ಟಿಸಿದಾಗ ಅವನು ಆ ಗಿಡದ ಗಡ್ಡೆಯನ್ನು ಅಗೆದು, ಹಸಿ ಗೋಣಿಯಲ್ಲಿ ಸುತ್ತಿ, ಖಾನಾಪುರದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಹೆಂಡತಿಯ ಟ್ರಂಕನ್ನು ಮಾತ್ರ ಬಸ್ಸಿನ ಮಾಡಿನ ಮೇಲೆ ಎಸೆದಿದ್ದ. ಅದನ್ನು ಅವಳು ಬಹಳ ದಿನ ಆಡಿ ತೋರಿಸಿದಳು.

ಬಸವಪ್ರಸಾದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಸಂಜೆ ಮನೆಗೆ ಬಂದು ಜಳಕ ಮಾಡಿ, ಆಗಷ್ಟೇ ಬಿರಿದ ಹೂವು ಕೊಯ್ದು ಲಿಂಗಪೂಜೆಗೆ ಕೂರುತ್ತಿದ್ದ. ಕೊಯ್ಯುವಾಗ ಒಂದೆರಡು ಹೂವಿನ ಬುಡದ ಹಸಿರು ಮಣಿಯನ್ನು ಮೆಲ್ಲಗೆ ಎಳೆದು, ದಾರದಂಥ ಎಳೆಗೆ ಜೋತುಬಿದ್ದ ಹೂವನ್ನು ಹೆಂಡತಿಯ ಕಿವಿಗೆ ಜುಮುಕಿ ಎಂದು ಸಿಕ್ಕಿಸುತ್ತಿದ್ದ. "ಬಿಡ್ರಿ, ಬಾಜೂ ಮನಿ ಈರಯ್ಯನವರು ನೋಡತಾರ" ಎಂದು ಅವಳು ಗದರಿದರೆ, "ನೋಡ್ಲಿ, ಅವರೇನ ತಮ್ಮ ಹೆಂಡ್ತಿಗೆ ತಂದ ಕೊಟ್ಟಾರು?" ಎಂದು ನಗುತ್ತಿದ್ದ.

ಅವಳು ಲ್ಯಾಬಿನಿಂದ ಬರುವುದು ತಡವಾದ ದಿನ ಪೂಜೆಯ ಹೂವು ಒಳಗೆ ಹೋಗಿ, ಗಿಡದ ಮೇಲೆ ಗೆರೆ ಹೂವುಗಳಷ್ಟೇ ಉಳಿದಿರುತ್ತಿದ್ದವು. ಒಮ್ಮೆ ಕೇಳಿದಳು, "ಚೆಂದಾನವ ಬಿಟ್ಟೀರಲ್ಲ, ಯಾಕ?"

"ಅವು ನಿನ್ನ ಪಾಲು, ದಾನೂ. ನಿನಗ ನೋಡಾಕ."

ಅವಳು ನಂಬಿದಳು. ನಂಬದೆ ಏನು ಮಾಡಿಯಾಳು? ಮದುವೆಯಾಗಿ ಅಷ್ಟು ವರ್ಷವಾದ ಮೇಲೂ ಗಂಡ ದಿನಾ ಹೂವು ಬಿಟ್ಟಿಡುತ್ತಾನೆಂದರೆ ಯಾವ ಹೆಂಡತಿ ಸಾಕ್ಷಿ ಪುರಾವೆ ಕೇಳುತ್ತಾಳೆ? ಅವರಿಗೆ ಮಕ್ಕಳಾಗಿರಲಿಲ್ಲ. ಆ ಕೊರಗನ್ನು ಇಬ್ಬರೂ ಎಂದೋ ಉಂಡು ಮುಗಿಸಿದ್ದರು. ಸಂಜೆಯ ಆ ಒಂದು ತಾಸು ಅವರಿಗೆ ಸಾಕಾಗುತ್ತಿತ್ತು.

ಎರಡು ಬೇಸಗೆಯ ಹಿಂದೆ, ಬಸವ ಜಯಂತಿ ಮುಗಿದ ಮಾರನೆಯ ದಿನ, ಎದೆ ಹಿಡಿದಂತಾಗುತ್ತದೆ ಎಂದು ಕುರ್ಚಿಯಲ್ಲಿ ಕೂತವನು ಏಳಲೇ ಇಲ್ಲ. ಬೀಡಿಯ ಹೊಲದಲ್ಲಿ, ಅಪ್ಪನ ಗದ್ದುಗೆಯ ಬಾಜೂ ಅವನನ್ನು ಮಣ್ಣು ಮಾಡಿದರು. ಆ ವರ್ಷ ಗೋಡೆಯ ಬದಿಯ ಗಿಡ ಹಿಂದೆಂದೂ ಬಿಡದಷ್ಟು ಹೂವು ಬಿಟ್ಟಿತು. ದಾನೇಶ್ವರಿ ದಿನಾ ಸಂಜೆ ಒಂದೂ ಬಿಡದಂತೆ ಗೆರೆ ಹೂವುಗಳನ್ನು ಹುಡುಕಿ ಕೊಯ್ದು, ಹಿತ್ತಾಳೆ ತಟ್ಟೆಯಲ್ಲಿ ತುಂಬಿ, ಪಡಸಾಲೆಯಲ್ಲಿ ಅವನ ಫೋಟೋದ ಮುಂದೆ ಇಟ್ಟಳು. ಅವನು ತನಗಾಗಿ ಬಿಟ್ಟಿಟ್ಟಿದ್ದನ್ನು ಈಗ ಅವನಿಗೆ ಕೊಡುತ್ತಿದ್ದೇನೆ ಎಂದುಕೊಂಡಳು. ಉಳಿದ ಸಪ್ಪೆ ಬಿಳಿ ಹೂವುಗಳ ಕಡೆ ತಿರುಗಿಯೂ ನೋಡಲಿಲ್ಲ. ಲಿಂಗಪೂಜೆ ಅವಳಿಂದಾಗುತ್ತಿರಲಿಲ್ಲ, ಕಣ್ಣು ಮುಚ್ಚಿದರೆ ಲಿಂಗದ ಬದಲು ಅವನೇ ಬರುತ್ತಿದ್ದ.

ಮರುವರ್ಷದ ಮಳೆ ಬೆಳಗಾವಿಯನ್ನು ತೋಯಿಸಿ ತೊಪ್ಪೆ ಮಾಡಿತು. ಕಂಪೌಂಡಿನಲ್ಲಿ ನೀರು ನಿಂತು ಹಳೆಯ ಗಡ್ಡೆಗಳೆಲ್ಲ ಕೊಳೆತುಹೋದವು. ಆದರೇನು, ಹಿಂದಿನ ವರ್ಷ ಉದುರಿದ ಬೀಜ ಮೊಳೆತು ಗೋಡೆಯುದ್ದಕ್ಕೂ ಸಸಿ ಎದ್ದಿವೆಯಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಳು. ಆ ಸಸಿಗಳೇ ಈಗ ಅರಳಿ ನಿಂತಿದ್ದವು. ಎಲ್ಲವೂ ಬಿಳಿ.

ಇದರಲ್ಲೊಂದು ವಿಚಿತ್ರವಿತ್ತು. ಆ ಗೆರೆ ಯಾಕೆ ಬೀಳುತ್ತದೆ ಎಂದು ಬೆಳಗಾವಿಯಲ್ಲಿ ಸರಿಯಾಗಿ ಬಲ್ಲವರು ಯಾರಾದರೂ ಇದ್ದರೆ ಅದು ದಾನೇಶ್ವರಿಯೇ. ವರ್ಷವೂ ಎಂ.ಎಸ್ಸಿ. ಮಕ್ಕಳಿಗೆ ಅದನ್ನೇ ಹೇಳುತ್ತಿದ್ದಳು. ಜೀವಕೋಶದೊಳಗಿನ ವಂಶವಾಹಿಗಳು ಸಾಮಾನ್ಯವಾಗಿ ತಮ್ಮ ತಮ್ಮ ಜಾಗದಲ್ಲಿ ಕೂತಿರುತ್ತವೆ. ಕೆಲವು ಮಾತ್ರ, ಬಸ್ಸಿನಲ್ಲಿ ಸೀಟು ಬದಲಿಸುತ್ತಲೇ ಇರುವ ಮಂದಿಯ ಹಾಗೆ, ಇಲ್ಲಿಂದ ಎದ್ದು ಅಲ್ಲಿ ಹೋಗಿ ಕೂರುತ್ತವೆ. ಜಿಗಿಯುವ ವಂಶವಾಹಿಗಳು ಎಂದು ಅವಕ್ಕೆ ಹೆಸರು. ಅಂಥದ್ದೊಂದು ಕೆಂಪು ಬಣ್ಣ ಮಾಡುವ ವಂಶವಾಹಿಯ ಮೇಲೆ ಹೋಗಿ ಕೂತರೆ ಬಣ್ಣದ ಕೆಲಸ ನಿಂತು ಹೂವು ಬಿಳಿಯಾಗುತ್ತದೆ. ಹೂವು ಬೆಳೆಯುವಾಗ ಯಾವುದೋ ಒಂದು ಕೋಶದಲ್ಲಿ ಅದು ಎದ್ದು ಹೋದರೆ, ಆ ಕೋಶಕ್ಕೂ ಅದರಿಂದ ಹುಟ್ಟಿದ ಕೋಶಗಳಿಗೂ ಕೆಂಪು ಮರಳುತ್ತದೆ. ಬೇಗ ಎದ್ದರೆ ಅಗಲ ಪಟ್ಟೆ, ತಡವಾಗಿ ಎದ್ದರೆ ಸಣ್ಣ ಗೆರೆ.

ಇಂಥ ಪುಂಡರನ್ನು ಕೋಶ ಸುಮ್ಮನೆ ಬಿಟ್ಟಿರುವುದಿಲ್ಲ. ಅವುಗಳ ಮೇಲೆ ರಾಸಾಯನಿಕ ಮುದ್ರೆ ಒತ್ತಿ, ಕಟ್ಟಿ, ಮಲಗಿಸಿಡುತ್ತದೆ. ಆದರೆ ಕೋಶಕ್ಕೆ ಕಷ್ಟ ಬಂದಾಗ, ಸುಡು ಬಿಸಿಲೋ, ಕೊರೆವ ಚಳಿಯೋ, ನೀರಿಲ್ಲದ ಒಣಕಲೋ, ಆ ಹಿಡಿತ ಕೆಲವೊಮ್ಮೆ ಸಡಿಲಾಗುತ್ತದೆ. ಮನೆಗೆ ಬೆಂಕಿ ಬಿದ್ದಾಗ ಕೊಟ್ಟಿಗೆಯ ಹಗ್ಗ ಯಾರು ನೋಡುತ್ತಾರೆ? ಮಲಗಿದ್ದವು ಏಳುತ್ತವೆ, ಜಿಗಿಯುತ್ತವೆ. ಎಲ್ಲಿಗೆ ಜಿಗಿದಾವು, ಏನು ಕೆಡಿಸಿಯಾವು, ಏನು ಹೊಸದು ಮಾಡಿಯಾವು ಎಂದು ಯಾರೂ ಹೇಳಲಾರರು. ಎಲ್ಲ ಗಿಡದಲ್ಲೂ ಹಾಗಾಗುತ್ತದೆ ಎಂದೂ ಇಲ್ಲ. ತರಗತಿಯಲ್ಲಿ ಆ ಕೊನೆಯ ಮಾತನ್ನು ಅವಳು ಒತ್ತಿ ಹೇಳುತ್ತಿದ್ದಳು.

ಚಳಿಗಾಲದಲ್ಲಿ ಅವಳು ಆ ಬಿಳಿ ಗಿಡಗಳ ಎಲೆ ತಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದಳು. ಪಕ್ಕದ ಮೇಜಿನಲ್ಲಿ ಅವಳ ಗೆಳತಿ ಸಿತಾರಾ ಇದ್ದಳು. ಜೀವರಸಾಯನದ ಪಾಠ ಮಾಡುವವಳು, ಶಿವಬಸವ ನಗರದಲ್ಲಿ ಮನೆ. ಪರೀಕ್ಷೆಯ ಫಲ ನೋಡಿದ ದಾನೇಶ್ವರಿ ಬಿಕ್ಕಿ ಅತ್ತಾಗ ಸಿತಾರಾ ಗಾಬರಿಯಾಗಿ ಎದ್ದು ಬಂದಳು. "ಯಾ ಅಲ್ಲಾ, ಎಲ್ಲಾ ಕೆಟ್ಟಹೋತೇನ?"

"ಇಲ್ಲ. ಆ ಜಿಗಿಯೂದು ಅಲ್ಲೇ ಐತಿ, ಸಿತಾರಾ. ಎಲ್ಲೂ ಹೋಗಿಲ್ಲ. ಅದ ಜಾಗಾದಾಗ ಮಲಕೊಂಡೈತಿ."

ಯಾಕೆ ಮಲಗಿತು ಎಂದು ಅವಳು ಆಗಲೇ ಕೇಳಿಕೊಳ್ಳಬೇಕಿತ್ತು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಹಾಗಾಯಿತು. ಎಬ್ಬಿಸುವುದು ಹೇಗೆ ಎಂದಷ್ಟೇ ಅವಳಿಗೆ ಹೊಳೆಯಿತು. ಅವನು ಹೋದ ಮೇಲೆ ಅವಳು ಅಷ್ಟು ಹುರುಪಿನಿಂದ ಯಾವುದಕ್ಕೂ ಎದ್ದಿರಲಿಲ್ಲ.

ಗೋಡೆಯ ಬದಿಯ ಗಿಡಗಳನ್ನೆಲ್ಲ ಕಿತ್ತು ಕುಂಡಗಳಿಗೆ ಹಾಕಿದಳು. ಕೆಲವನ್ನು ಲ್ಯಾಬಿನ ತಣ್ಣನೆಯ ಪೆಟ್ಟಿಗೆಯಲ್ಲಿ ನಡುಗಲು ಬಿಟ್ಟಳು. ಬೇಸಗೆ ಕಾಲಿಟ್ಟ ಮೇಲೆ ಉಳಿದವನ್ನು ಮಾಳಿಗೆಯ ಮೇಲೆ, ಕಾದ ತಗಡಿನ ಮಗ್ಗುಲಿಗೆ ಸಾಲಾಗಿ ಇಟ್ಟಳು. ನೀರು ನಿಲ್ಲಿಸಿದಳು. ಎಲೆ ಬಾಡಿ ಜೋತುಬಿದ್ದಾಗ ಚಮಚದಷ್ಟು ಹಾಕುವುದು, ಮತ್ತೆ ನಿಲ್ಲಿಸುವುದು. ಗಂಡನ ಗಿಡದ ಮಕ್ಕಳನ್ನು ಹೀಗೆ ಬಾಯಾರಿಸಿ ಕೊಲ್ಲುವಾಗ ಅವಳ ಕರುಳು ಚುರ್ರೆನ್ನುತ್ತಿರಲಿಲ್ಲವೇ? ಎನ್ನುತ್ತಿತ್ತು. ಆದರೆ ಒಂದು ಗೆರೆ, ಒಂದೇ ಒಂದು ಗೆರೆ ಕಂಡರೆ ಸಾಕು, ಆ ಸಂಜೆಯ ತಾಸು ಮರಳಿ ಬಂದೀತು ಎಂದು ಅವಳ ಮನಸ್ಸು ಹಟ ಹಿಡಿದಿತ್ತು.

ಪಕ್ಕದ ಮನೆಯ ಈರಯ್ಯನವರಿಗೆ ಇದನ್ನು ನೋಡಿ ಸಹಿಸಲಾಗಲಿಲ್ಲ. ಕಚೇರಿಯಿಂದ ನಿವೃತ್ತರಾದ ಮೇಲೆ ಇಡೀ ಓಣಿಯ ಉಸಾಬರಿ ಅವರದೇ. ತಮ್ಮ ಮಾಳಿಗೆಯಿಂದಲೇ ಕೂಗಿದರು. "ಮೇಡಮ್ಮಾರ, ಗಿಡಾ ಒಣಗಾಕತ್ತಾವಲ್ರಿ! ನಳದ ನೀರ ಬಂದಿಲ್ಲಂದ್ರ ನಮ್ಮ ಬೋರಿನ್ಯಾಗಿಂದ ಕೊಡತೀನಿ."

"ಬ್ಯಾಡ್ರಿ. ಬೇಕಂತನ ಒಣಗಿಸಾಕತ್ತೀನಿ."

"ಬೇಕಂತನ?"

"ಪ್ರಯೋಗರೀ."

"ಎಂಥಾ ಸುಡಗಾಡ ಪ್ರಯೋಗರೀ ಇದು?" ಎಂದು ಈರಯ್ಯನವರು ಗೊಣಗುತ್ತ ಇಳಿದುಹೋದರು.

ಒಂದೊಂದಾಗಿ ಗಿಡಗಳು ಸತ್ತವು. ಬದುಕಿದವು ಹೂವು ಬಿಟ್ಟವು, ಬಿಳಿಯನ್ನೇ ಬಿಟ್ಟವು, ಆಮೇಲೆ ಸತ್ತವು. ಕೊನೆಗೆ ಮಾಳಿಗೆಯ ಮೇಲೆ ಒಂದೇ ಒಂದು ಗಿಡ ಉಳಿಯಿತು. ಸಿತಾರಾ ಒಂದು ಭಾನುವಾರ ಬಂದು, ಖಾಲಿ ಕುಂಡಗಳ ಸಾಲು ನೋಡಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ದಾನೇಶ್ವರಿ, ಇದು ಪ್ರಯೋಗ ಅಲ್ಲ, ಜಿದ್ದು. ಪ್ರಯೋಗ ಅಂದ್ರ ಹೋಲಿಸಿ ನೋಡಾಕ ಸುಖವಾಗಿರೋ ಗಿಡಾನೂ ಬೇಕಲ್ಲ? ನಿನ್ನ ಹತ್ರ ಸುಖವಾಗಿರೋದು ಒಂದರ ಐತೇನ?"

ಮೊದಲ ವರ್ಷದ ಹುಡುಗರೂ ಮಾಡದ ತಪ್ಪು ಅದು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

"ಅವರನ್ನ ನೋಡಬೇಕನಸತೈತಿ, ಸಿತಾರಾ" ಎಂದಳು ಕೊನೆಗೆ. "ಫೋಟೋದಾಗ ಅಲ್ಲ."

ಸಿತಾರಾ ಹತ್ತಿರ ಬಂದಳು. ಅವಳ ಕೈ ಹಿಡಿದುಕೊಂಡು ಆ ಸುಡುವ ಮಾಳಿಗೆಯ ಮೇಲೆಯೇ ಸ್ವಲ್ಪ ಹೊತ್ತು ಕೂತಳು.

ಆ ವಾರವೇ ಬೀಡಿಯಿಂದ ಅತ್ತೆ ಕಾಂತಾಳ ಫೋನು ಬಂತು. ಬಸವಪ್ರಸಾದನ ಎರಡನೆಯ ವರ್ಷದ ಪುಣ್ಯತಿಥಿ. "ಬರತೀಯಲ್ಲ, ಯವ್ವಾ?" ಎಂದಷ್ಟೇ ಕೇಳಿದಳು. ಮೊದಲ ವರ್ಷದ ತಿಥಿಗೆ ಹೋಗಿಬಂದ ಮೇಲೆ ದಾನೇಶ್ವರಿ ಆ ಕಡೆ ತಲೆ ಹಾಕಿರಲಿಲ್ಲ. ಕಾಂತಾಳ ಮೂಗು, ಹುಬ್ಬು, ನಗುವಾಗ ಒಂದು ಕಡೆ ಏರುವ ತುಟಿ, ಎಲ್ಲವೂ ಅವನವೇ. ಆ ಮುಖ ನೋಡಿ ಬಂದ ಮೇಲೆ ಎಷ್ಟೋ ದಿನ ಅವಳಿಗೆ ಅನ್ನ ಸೇರಿರಲಿಲ್ಲ. ಈಗ ಹೋಗದಿದ್ದರೆ ನಡೆಯುವುದಿಲ್ಲ ಎಂದು ಹೊರಟಳು. ಹೊರಡುವ ಮುನ್ನ ಮಾಳಿಗೆ ಹತ್ತಿ ನೋಡಿದಳು. ಉಳಿದ ಒಂದು ಗಿಡ ಎಲೆ ಜೋಲಿಸಿ ನಿಂತಿತ್ತು. ನೀರು ಹಾಕಬೇಕೆಂದು ಕೈ ಹೋಯಿತು. ಇನ್ನೆರಡು ದಿನ ತಡೆದರೆ ಎದ್ದರೂ ಎದ್ದೀತು ಎಂಬ ಆಸೆ ಆ ಕೈಯನ್ನು ಹಿಡಿಯಿತು.

ಬೀಡಿಯ ಮನೆಯಲ್ಲಿ ಮೈದುನ ಸಿದ್ದಪ್ಪ, ಅವನ ಹೆಂಡತಿ ಮಕ್ಕಳು, ಬಂಧುಬಳಗ ಎಲ್ಲ ತುಂಬಿದ್ದರು. ಗದ್ದುಗೆಗೆ ಹೋಗಿ ಬಂದು, ಅಯ್ಯನವರ ಪೂಜೆ ಮುಗಿದು, ಊಟವಾಗಿ, ಮಂದಿ ಕರಗಿದ ಮೇಲೆ ಬಿಸಿಲು ಇಳಿಯಿತು. ದಾನೇಶ್ವರಿ ಒಬ್ಬಳೇ ಹಿತ್ತಲಿಗೆ ಹೋಗಿ ನಿಂತಳು. ಬಚ್ಚಲ ನೀರಿನ ಬದಿಗೆ ಹಳದಿ ಸಂಜೆಮಲ್ಲಿಗೆ ಪೊದೆ ಪೊದೆಯಾಗಿ ಅರಳುತ್ತಿತ್ತು. ಕೆಲವು ಹಳದಿ ಹೂವುಗಳ ಮೇಲೂ ಕೆಂಪು ಗೆರೆಗಳಿದ್ದವು. ಅವಳು ಬಗ್ಗಿ ನೋಡಿದಳು. ಆದರೆ ಇದು ಅವನದಲ್ಲ, ಅವನದು ಬಿಳಿಯದು.

ಕಾಂತಾ ಸಂಜೆಯ ಪೂಜೆಗೆ ಬುಟ್ಟಿ ಹಿಡಿದು ಬಂದು ಹೂವು ಕೊಯ್ಯತೊಡಗಿದಳು. ದಾನೇಶ್ವರಿಯೂ ಕೈಜೋಡಿಸಿದಳು. ರೂಢಿಯ ಬಲದಿಂದ ಅವಳ ಬೆರಳು ನೇರ ಒಂದು ಗೆರೆ ಹೂವಿಗೇ ಹೋಯಿತು. ಕಾಂತಾ ಅವಳ ಕೈಯ ಮೇಲೆ ಮೆಲ್ಲಗೆ ಹೊಡೆದಳು.

"ಏ, ಗೆರಿ ಇದ್ದದ್ದ ಮುಟ್ಟಬ್ಯಾಡ. ಅದು ಗಿಡದ ಪಾಲು."

"ಏನಂದ್ರಿ?"

"ಒಂದ ಬಣ್ಣದ್ದ ಲಿಂಗಕ್ಕ, ಗೆರೀದು ಗಿಡಕ್ಕ. ನಮ್ಮನಿ ನಡತಿ ಅದು. ಯಾಕಂತ ನನ್ನ ಕೇಳಬ್ಯಾಡ, ನಮ್ಮತ್ತಿ ಹೇಳಿದ್ದು, ನಾ ಮಾಡಕೋತ ಬಂದೀನಿ. ಯಾಕ, ನನ್ನ ಮಗ ನಿನಗ ಹೇಳಿದ್ದಿಲ್ಲೇನ?"

ದಾನೇಶ್ವರಿ ಬಗ್ಗಿದವಳು ಬಗ್ಗಿದಂತೆಯೇ ನಿಂತಳು. ಕೈಯಲ್ಲಿದ್ದ ಹಳದಿ ಹೂವಿನ ಬುಡದಲ್ಲಿ ಹಸಿರು ಮಣಿ ಇತ್ತು. ಅದೇ ಮಣಿ ಬಲಿತು ಮೆಣಸಿನ ಕಾಳಿನಂಥ ಕಪ್ಪು ಬೀಜವಾಗುವುದು. ಹೂವು ಕೊಯ್ದರೆ ಮಣಿಯೂ ಬಂದಂತೆ.

ಆಗ ಎಲ್ಲವೂ ಒಮ್ಮೆಲೇ ತಿಳಿಯಿತು. ಒಂದೇ ಗಿಡದಲ್ಲಿ ಜಿಗಿಯುವ ವಂಶವಾಹಿ ಕೆಲವು ಕೊಂಬೆಗಳಲ್ಲಿ ಎಚ್ಚರವಾಗಿರುತ್ತದೆ, ಕೆಲವುಗಳಲ್ಲಿ ನಿದ್ದೆ ಹೋಗಿರುತ್ತದೆ. ಎಚ್ಚರದ ಕೊಂಬೆಯಲ್ಲಿ ಗೆರೆ, ನಿದ್ದೆಯ ಕೊಂಬೆಯಲ್ಲಿ ಬರೀ ಬಿಳಿ. ನಿದ್ದೆಯ ಹೂವಿನ ಬೀಜಕ್ಕೂ ಆ ನಿದ್ದೆ ಬಳುವಳಿಯಾಗಿ ಹೋಗಬಹುದು. ಅವನು ವರ್ಷವರ್ಷ ಬಿಳಿಯದನ್ನು ಲಿಂಗಕ್ಕೆ ಒಯ್ದು, ಗೆರೆಯದನ್ನು ಗಿಡಕ್ಕೇ ಬಿಟ್ಟಿದ್ದ. ಗೆರೆಯ ಬೀಜವೇ ನೆಲಕ್ಕೆ ಬಿದ್ದು, ಬದಿಗೆ ಗೆರೆಯ ಸಸಿಗಳೇ ಎದ್ದಿದ್ದವು. ಅವನು ತೀರಿಕೊಂಡ ವರ್ಷ ಅವಳು ಗೆರೆಯದನ್ನೆಲ್ಲ ಹುಡುಕಿ ಹುಡುಕಿ ಕೊಯ್ದಳು. ನೆಲಕ್ಕೆ ಬಿದ್ದದ್ದು ನಿದ್ದೆಯ ಬೀಜ ಮಾತ್ರ. ಬಿಸಿಲು, ಚಳಿ, ಒಣಕಲು ಎಂದು ಅವಳು ಕಷ್ಟಗಳನ್ನು ಅಳೆದೂ ಸುರಿದೂ ಕೊಟ್ಟಿದ್ದಳಲ್ಲ, ಆ ಗಿಡಕ್ಕೆ ಬಂದ ದೊಡ್ಡ ಕಷ್ಟ ಅವಳ ಕೈಯೇ ಆಗಿತ್ತು. ಪ್ರೀತಿಯಿಂದ, ದಿನಾ ಸಂಜೆ, ಕೈಯಾರೆ ಅವಳೇ ಅದನ್ನು ಮುಗಿಸಿದ್ದಳು.

ಅವಳು ಅಲ್ಲೇ ಬಚ್ಚಲ ಕಲ್ಲಿನ ಮೇಲೆ ಕುಸಿದು ಕೂತು, ಅಳುತ್ತಳುತ್ತ ಅತ್ತೆಗೆ ಎಲ್ಲವನ್ನೂ ಹೇಳಿದಳು. ಕಾಂತಾಳಿಗೆ ವಂಶವಾಹಿಯ ಮಾತು ಎಷ್ಟು ತಿಳಿಯಿತೋ ಬಿಟ್ಟಿತೋ, ಫೋಟೋದ ಮಾತು ಚೆನ್ನಾಗಿ ತಿಳಿಯಿತು.

"ಅಳಬ್ಯಾಡ. ಅವಗ ಕೊಟ್ಟಿ, ಹಾದಿ ಮ್ಯಾಲಿನವರಿಗೆ ಕೊಟ್ಟಿಲ್ಲಲ್ಲ."

"ಅವು ನಿನ್ನ ಪಾಲು ಅಂತ ಅಂದಿದ್ರು ನನಗ. ನನ್ನ ಸಲುವಾಗಿ ಬಿಡತಾರಂತ ತಿಳಕೊಂಡಿದ್ದೆ."

ಕಾಂತಾ ನಕ್ಕಳು. ತುಟಿ ಒಂದು ಕಡೆ ಏರಿತು. "ಸುಳ್ಳಬುರಕ! ಮೊದಲಿಂದ ಹಂಗ ಅವ. ಅಲ್ಲಾ, ಹೆಂಡ್ತಿ ಬಂದ ಕೇಳಿದ್ರ ಗಿಡದ ಪಾಲು ಅಂದ್ರ ಏನ ಚೆಂದ ಕಾಣತೈತಿ?" ನಗುತ್ತಲೇ ಅವಳ ಕಣ್ಣು ತುಂಬಿದವು. "ನೀ ಯಾಕ ಬರವಲ್ಲಿ ಅಂತ ನನಗ ಗೊತ್ತೈತಿ. ನನ್ನ ಮುಖದಾಗ ಅವನ ಕಾಣತಾನಂತ ಅಲ್ಲ? ನನಗ ಯಾರ ಮುಖ ಐತಿ ಹೇಳು? ಅವ ಹಿಂಗ ಅಂದ, ಅವ ಹಿಂಗ ನಕ್ಕ ಅಂತ ಹೇಳಾಕ ನೀ ಒಬ್ಬಾಕಿನ ಇದ್ದಿ. ಇವತ್ತ ಒಂದ ಹೊಸಾ ಮಾತ ಹೇಳಿದಿ ನೋಡ, ನಿನ್ನ ಪಾಲು ಅಂದಿದ್ದ ಅಂತ. ನಾ ಅದನ್ನ ಇಟಗೊಂಡಿರತೀನಿ."

ದಾನೇಶ್ವರಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟಳು. ಕಾಂತಾ ಅವಳ ಕೂದಲಲ್ಲಿ ಬೆರಳಾಡಿಸುತ್ತ ಕೂತಳು. ಆ ಸಂಜೆ ಬೀಡಿಯ ಮನೆಯಲ್ಲಿ ಪೂಜೆ ತಡವಾಯಿತು.

ಮರುದಿನ ಖಾನಾಪುರ ಸ್ಟ್ಯಾಂಡಿನಲ್ಲಿ ಬೆಳಗಾವಿಯ ಬಸ್ಸಿಗೆ ಕಾಯುವಾಗ ಹತ್ತಿರದಲ್ಲೊಬ್ಬಳು ಮಣ್ಣಿನ ಕುಂಡಗಳನ್ನು ಹರವಿ ಕೂತಿದ್ದಳು. ಕೆಂಪು ಮಣ್ಣಿನ, ಅಗಲ ಬಾಯಿಯ ಒಂದು ದೊಡ್ಡ ಕುಂಡವನ್ನು ದಾನೇಶ್ವರಿ ಕೊಂಡಳು. ಮಾಳಿಗೆಯ ಮೇಲಿನ ಗಿಡ ಬದುಕಿರುವ ಆಸೆ ಅವಳಿಗೆ ಇರಲಿಲ್ಲ. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಿದರಂತೆ. ನಾನು ಕೂಸು ಸತ್ತ ಮೇಲೆ ಹೊಲಿಸುತ್ತಿದ್ದೇನೆ ಎಂದು ತನ್ನನ್ನೇ ಹಂಗಿಸಿಕೊಂಡಳು. ಕಂಡಕ್ಟರು "ಅಕ್ಕಾರ, ಅದನ್ನ ಡಿಕ್ಕಿಗೆ ಹಾಕೂಣ್ರಿ" ಎಂದರೆ ಕೇಳಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ತಬ್ಬಿ ಹಿಡಿದು ಕೂತಳು.

ಮನೆಗೆ ಬಂದವಳೇ ಮಾಳಿಗೆ ಹತ್ತಿದಳು. ಗಿಡ ನೆಟ್ಟಗೆ ನಿಂತಿತ್ತು. ಎಲೆಗಳು ತೊಳೆದಿಟ್ಟಂತೆ ಹಸಿರಾಗಿದ್ದವು. ಕುಂಡದ ಮಣ್ಣು ಒದ್ದೆಯಾಗಿತ್ತು. ಅತ್ತ ಮಾಳಿಗೆಯಲ್ಲಿ ಈರಯ್ಯನವರು ಹಾಸಿದ ಹಪ್ಪಳ ತೆಗೆಯುವವರಂತೆ ನಟಿಸುತ್ತಿದ್ದರು.

"ಮೇಡಮ್ಮಾರ, ಬೈಬ್ಯಾಡ್ರಿ" ಎಂದರು ತಾವಾಗಿಯೇ. "ನೋಡಲಾರದ ನೀರ ಹಾಕೀನಿ."

"ಎಷ್ಟ ಹಾಕೀರಿ?" ಕೇಳಿದ್ದು ಅವಳೊಳಗಿನ ವಿಜ್ಞಾನಿ.

"ಎಷ್ಟಂದ್ರ? ಬಾಯಾರಿದಾವ್ರಿಗೆ ಅಳದ ಹಾಕತಾರೇನ್ರಿ? ಬಗ್ಗಿಸಿದೆ ಅಷ್ಟ."

ದಾನೇಶ್ವರಿ ಅವರಿಗೆ ಕೈ ಮುಗಿದಳು. ಗಿಡವನ್ನು ಬೇರಿಗೆ ಪೆಟ್ಟಾಗದಂತೆ ತೆಗೆದು ಖಾನಾಪುರದ ಕುಂಡಕ್ಕೆ ಹಾಕಿ, ಕೆಳಗೆ ಮೆಟ್ಟಿಲ ಬದಿಯ ನೆರಳಿಗೆ ತಂದಿಟ್ಟಳು. ಆಮೇಲೆ ಅದಕ್ಕೆ ಕಷ್ಟ ಕೊಡಲಿಲ್ಲ. ಗೆರೆ ಬರಲಿ ಬಿಡಲಿ, ಇದು ಅವನ ಗಿಡದ ಮಗಳು, ಇದ್ದರೆ ಸಾಕು ಎಂದುಕೊಂಡಳು. ಹಾಗೆಂದುಕೊಂಡದ್ದು ಖರೇ, ಆದರೂ ದಿನಾ ಸಂಜೆ ಕಾಲೇಜಿನಿಂದ ಓಡಿ ಬರುವುದು ನಿಲ್ಲಲಿಲ್ಲ.

ಮುಂಗಾರಿಗೆ ಮುಂಚಿನ ಒಂದೆರಡು ಅಡ್ಡಮಳೆ ಬಿದ್ದವು. ಗಿಡ ಕವಲೊಡೆದು ಮೊಗ್ಗು ಕಟ್ಟಿತು. ಬಿಳಿ ಹೂವು ಬಿಟ್ಟಿತು. ಅವಳು ಕಾಂತಾಳಿಗೆ ಫೋನು ಮಾಡಿ, "ಬಿಳೀವ ಬಂದಾವ್ರಿ ಅತ್ತಿ, ಒಳಗ ಒಯ್ಯತೀನಿ" ಎಂದಳು. ಬಹಳ ದಿನದ ಮೇಲೆ ಜಳಕ ಮಾಡಿ ಲಿಂಗಪೂಜೆಗೆ ಕೂತಳು. ಕಣ್ಣು ಮುಚ್ಚಿದರೆ ಅವನು ಬರುತ್ತಲೇ ಇದ್ದ. ಬಂದರೆ ಬರಲಿ ಎಂದು ಸುಮ್ಮನೆ ಕೂತಳು.

ಜೂನ್ ತಿಂಗಳ ಮೋಡ ಕವಿದ ಒಂದು ಸಂಜೆ ಗೇಟು ತೆಗೆದು ಬಂದವಳು ಮೆಟ್ಟಿಲ ಬಳಿ ಗಕ್ಕನೆ ನಿಂತಳು. ಹಿಂದಿನ ಕೊಂಬೆಯಲ್ಲಿ ಒಂದು ಹೂವು. ಬಿಳಿ. ಗಂಟಲಿನಿಂದ ಅಂಚಿನವರೆಗೆ ಒಂದೇ ಒಂದು ಕೆಂಪು ಗೆರೆ, ಕೂದಲೆಳೆಯಷ್ಟು.

ಫೋನಿನಲ್ಲಿ ಸಿತಾರಾ ಕಿರುಚಿದಳು, ಆಮೇಲೆ ತನ್ನ ಬುದ್ಧಿಗೆ ಮರಳಿದಳು. "ಬಿಸಲಿಗೆ ಎದ್ದೈತೋ, ಈರಯ್ಯನವರ ನೀರಿಗೆ ಎದ್ದೈತೋ, ತನಗ ಬೇಕನಸಿ ಎದ್ದೈತೋ? ಒಂದ ಹೂವಿನ ಮ್ಯಾಲ ಏನೂ ಹೇಳಾಕ ಬರಂಗಿಲ್ಲ ನೋಡ."

"ಗೊತ್ತೈತಿ" ಎಂದಳು ದಾನೇಶ್ವರಿ. ಅವಳಿಗೆ ಏನೂ ಹೇಳಬೇಕಾಗಿರಲಿಲ್ಲ.

ಫೋನಿಟ್ಟಳು. ಕೈ ತಾನೇ ಮುಂದೆ ಹೋಯಿತು. ಎರಡು ಬೆರಳು ಹೂವಿನ ಬುಡದ ಹಸಿರು ಮಣಿಯನ್ನು ಹಿಡಿದವು. ಒಳಗೆ ಪಡಸಾಲೆಯಲ್ಲಿ ಹಿತ್ತಾಳೆ ತಟ್ಟೆ ಖಾಲಿ ಇತ್ತು, ಅವನು ಕಾಯುತ್ತಿದ್ದ. ಒಂದು ಚೂರು ಎಳೆದರೆ ಸಾಕು, ಹೂವು ಅವನ ಮುಂದೆ ಇರುತ್ತದೆ. ಇಷ್ಟು ದಿನ ಅವಳು ಬೇಡಿದ್ದು ಇದನ್ನೇ ಅಲ್ಲವೇ? ಅವನಿಗೆ ತೋರಿಸದಿದ್ದರೆ ಈ ಗೆರೆ ಬಂದು ಏನು ಉಪಯೋಗ?

ಅವಳು ಕೈ ಬಿಟ್ಟಳು.

ಒಳಗೆ ಹೋಗಿ, ಸ್ಟೂಲು ಹತ್ತಿ, ಗೋಡೆಯ ಮೊಳೆಯಿಂದ ಫೋಟೋ ಇಳಿಸಿದಳು. ಸೆರಗಿನಿಂದ ಗಾಜಿನ ಧೂಳು ಒರೆಸಿದಳು. ಅದನ್ನು ಎದೆಗೆ ಹಿಡಿದು ಹೊರಗೆ ತಂದು, ಕುಂಡದ ಎದುರಿಗೆ ಒಂದು ಕುರ್ಚಿ ಹಾಕಿ, ಅದರ ಮೇಲೆ ಒರಗಿಸಿ ಕೂರಿಸಿದಳು. ತಾನು ಮೆಟ್ಟಿಲ ಮೇಲೆ ಕೂತಳು.

ಗೋಡೆಯಾಚೆ ಈರಯ್ಯನವರ ತಲೆ ಎದ್ದಿತು. "ಮೇಡಮ್ಮಾರ, ಸರ್ರನ್ನ ಹೊರಗ ಯಾಕ ಕುಂದರಿಸೀರಿ? ಮಳಿ ಬರೂಹಂಗೈತಿ."

"ಹೂವ ಒಳಗ ಬರಂಗಿಲ್ಲಂತರಿ. ಅದಕ್ಕ ಅವರನ್ನ ಕರಕೊಂಡ ಬಂದೀನಿ."

ಈರಯ್ಯನವರು ಹೂವನ್ನೊಮ್ಮೆ, ಫೋಟೋವನ್ನೊಮ್ಮೆ ನೋಡಿ, ಒಳಗೆ ಹೋದರು.

ಮೋಡ ಇನ್ನಷ್ಟು ಕೆಳಗಿಳಿಯಿತು. ದಾನೇಶ್ವರಿ ಗಂಡನ ಮುಖ ನೋಡಿದಳು. ಅದೇ ಹುಬ್ಬು, ಅದೇ ಒಂದು ಕಡೆ ಏರಿದ ತುಟಿ.

"ನೋಡ್ರಿ, ಅಷ್ಟ" ಎಂದಳು. "ಕೊಡಂಗಿಲ್ಲ."